ಎಂಎಸ್ ಕಾಯಿಲೆ, ಯುಡಿಐಡಿ ಕಾರ್ಡು, ಅಂಗವಿಕಲ ವೇತನ: ಕೊಡಗಿನಿಂದ ನನ್ನ ರಿವ್ಯೂ

ನಾನು ಸೋಮವಾರಪೇಟೆ ಕಡೆಯವಳು, ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಚಿಕ್ಕದಾಗಿ ಎಂಎಸ್ ಅಂತಾರೆ. ನರಗಳ ಮೇಲಿನ ಪದರನ ನಮ್ಮ ದೇಹದ ರೋಗನಿರೋಧಕ ಶಕ್ತಿನೇ ಹಾಳು ಮಾಡೋ ಕಾಯಿಲೆ ಇದು. ಹೊರಗಿಂದ ನೋಡೋರಿಗೆ ಏನೂ ಗೊತ್ತಾಗಲ್ಲ, ಬೆಳಿಗ್ಗೆ ಅಂಗಳದಲ್ಲಿ ಓಡಾಡ್ತಿರ್ತೀನಿ, ಬಿಸಿ ನೀರು ಹುಯ್ಕೊಂಡು ಬಚ್ಚಲಿಂದ ಹೊರಗೆ ಬರೋಷ್ಟರಲ್ಲಿ ಕಾಲು ನನ್ನದಲ್ಲ ಅನ್ನೋ ಹಾಗಾಗಿರತ್ತೆ, ಒಂದು ಕಣ್ಣು ಮಂಜಾಗತ್ತೆ. ಈ ಕಾಯಿಲೆ ಇಟ್ಕೊಂಡು ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸ್ಬಹುದಾ, ಪೆನ್ಷನ್, ಅಂದ್ರೆ ಅಂಗವಿಕಲ ವೇತನ, ಬರತ್ತಾ ಅಂತ ಕೇಳೋರು ಜಾಸ್ತಿ ಆಗಿದಾರೆ, ಅದಕ್ಕೇ ಬರೀತಿದೀನಿ. ಕಾರ್ಡ್ ಖಂಡಿತ ಮಾಡಿಸ್ಕೊಳ್ಳಿ. ದುಡ್ಡಿನ ವಿಷಯ ಬೇಜಾರಿನದ್ದು, ಅದನ್ನ ಮುಂದೆ ಹೇಳ್ತೀನಿ.

ಮೊದಲು ಕಾನೂನು. ಅಂಗವಿಕಲರ ಹಕ್ಕಿನ 1995ರ ಕಾಯ್ದೆಲಿ 7 ಥರದ ಅಂಗವೈಕಲ್ಯ ಅಷ್ಟೇ ಇತ್ತು, 2016ರ ಕಾಯ್ದೆಲಿ 21 ಆಯ್ತು. ಎಂಎಸ್, ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸ್ಸೆಮಿಯಾ, ಸಿಕಲ್ ಸೆಲ್ ಎಲ್ಲಾ ಆಗ ಸೇರಿದ್ದು. ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ನಮ್ಮ ಜಿಲ್ಲೆಗೆ ದೂರದ ಮಾತಲ್ಲ, ಬುಡಕಟ್ಟು ಜನರ ಹಾಡಿಗಳಲ್ಲಿ ಜೇನುಕುರುಬ, ಯರವ ಮನೆಗಳಲ್ಲಿ ಈ ಕಾಯಿಲೆ ಇದೆ, ಮೈಕೈ ನೋವು ಅಂತ ತೋಟದ ಕೆಲಸ ಬಿಟ್ಟು ಮಲಗಿದ್ರೆ ಸೋಮಾರಿ ಅನ್ನಿಸ್ಕೊಂಡವರಿದಾರೆ. ಅವರಿಗೂ ಕಾರ್ಡಿಗೆ ಹಕ್ಕಿದೆ ಅಂತ ತೋಟದ ಕೂಲಿಯವರ ಲೈನ್ ಮನೆ ತನಕ ಹೋಗಿ ಹೇಳೋರು ಬೇಕು. ಆದ್ರೆ ಕಿಡ್ನಿ ಫೇಲ್ ಆಗಿ ಡಯಾಲಿಸಿಸ್ ಮಾಡಿಸ್ಕೊಳ್ಳೋರು ಈ 21ರಲ್ಲಿ ಇಲ್ಲ. ವಾರಕ್ಕೆ ಎರಡ್ಮೂರು ಸಲ ಈ ತಿರುವು ರಸ್ತೆಲಿ ಮಷೀನ್ ಹತ್ರ ಹೋಗಿ ಬರೋ ಮನುಷ್ಯ ಬೇರೆ ಏನು ಕೆಲಸ ಮಾಡಕ್ಕಾಗತ್ತೆ? ಇದು ನನಗೆ ಸ್ವಲ್ಪನೂ ಸರಿ ಕಾಣಲ್ಲ.

ಈಗ ಸರ್ವೀಸ್ ವಿಷಯಕ್ಕೆ ಬರ್ತೀನಿ. ಇಡೀ ವ್ಯವಸ್ಥೆಲಿ ಐದಕ್ಕೆ ಐದು ಸ್ಟಾರ್ ನಾನು ಕೊಡೋದು ವಿಆರ್‌ಡಬ್ಲ್ಯೂಗೆ. ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಂಚಾಯ್ತಿ ಮಟ್ಟದಲ್ಲಿ ಇರ್ತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಅಂತ ಒಬ್ರು. ಇವರು ಇದಾರೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಪಂಚಾಯ್ತಿ ಆಫೀಸಿಗೆ ಹೋಗಿ ಕೇಳಿ ಸಾಕು. ನಮ್ಮ ಪಂಚಾಯ್ತಿ ವಿಆರ್‌ಡಬ್ಲ್ಯೂ ಮಳೇಲಿ ಛತ್ರಿ ಹಿಡ್ಕೊಂಡು ಮನೆಗೇ ಬಂದ್ರು, ನನ್ನ ಕಾಗದ ಎಲ್ಲಾ ಚಾಪೆ ಮೇಲೆ ಹರಡ್ಕೊಂಡು ತಾರೀಕಿನ ಪ್ರಕಾರ ಜೋಡಿಸಿದ್ರು, ಹಳೇ ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ರಿಪೋರ್ಟ್, ನ್ಯೂರಾಲಜಿಸ್ಟ್ ಚೀಟಿ, ಎಲ್ಲೆಲ್ಲಿ ಕಾಯಿಲೆ ಹೆಸರು ಪೂರ್ತಿ ಬರೆದಿದೆಯೋ ಅಲ್ಲಿ ಪೆನ್ಸಿಲಲ್ಲಿ ಗೆರೆ ಎಳೆದ್ರು. ‘ಅಕ್ಕ, ಕಣ್ಣಿನ ಡಾಕ್ಟ್ರ ಚೀಟಿ ಇಲ್ವಾ? ಅದನ್ನೂ ತನ್ನಿ, ಬಿಡ್ಬೇಡಿ’ ಅಂದ್ರು. ಆ ಒಂದು ಮಾತೇ ನನ್ನ ಅರ್ಜಿನ ಉಳಿಸಿದ್ದು, ಹೇಗೆ ಅಂತ ಹೇಳ್ತೀನಿ.

ಕಾರ್ಡಿಗೆ ಅರ್ಜಿ ಹಾಕೋದು ಸರ್ಕಾರದ ಸ್ವಾವಲಂಬನ್ ಪೋರ್ಟಲಲ್ಲಿ, ಆಧಾರ್, ಫೋಟೋ, ಮೊಬೈಲ್ ನಂಬರ್ ಬೇಕು. ಪೇಟೆಲಿ ಒಂದು ಸೈಬರ್ ಸೆಂಟರಲ್ಲಿ ನನ್ನದನ್ನ ಕೈಕಾಲು ವೈಕಲ್ಯ ಅಂತ ಒತ್ತಿಬಿಡ್ತಿದ್ರು, ಪಕ್ಕದಲ್ಲಿ ನಿಂತು ನೋಡ್ತಿದ್ದಕ್ಕೆ ಆಯ್ತು. ಪಟ್ಟಿಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಾನೇ ಬೇರೆ ಇದೆ, ಅದನ್ನೇ ಹಾಕ್ಸಿ.

ಆಮೇಲೆ ವೈಕಲ್ಯ ಶೇಕಡಾ ಎಷ್ಟು ಅಂತ ನೋಡೋ ತಪಾಸಣೆ. ನಾನು ಮೊದಲು ಹೋದ ಆಸ್ಪತ್ರೆ ಬಗ್ಗೆ ಹೇಳಕ್ಕೆ ಒಳ್ಳೇದೇನೂ ಇಲ್ಲ. ಕೂರಕ್ಕೆ ಜಾಗ ಇಲ್ಲದೆ ಊರುಗೋಲು ಹಿಡಿದವರು, ಮಗು ಎತ್ಕೊಂಡವರು ಎಲ್ಲಾ ಗೋಡೆಗೆ ಒರಗಿ ನಿಂತಿದ್ರು, ಮಧ್ಯಾಹ್ನದ ಮೇಲೆ ‘ಇದು ನಮ್ಮಲ್ಲಿ ಆಗಲ್ಲ, ನರದ ಡಾಕ್ಟ್ರು ನೋಡ್ಬೇಕು’ ಅಂದ್ರು. ಅಷ್ಟು ಹೇಳಕ್ಕೆ ಬೆಳಿಗ್ಗೆನೇ ಆಗ್ತಿತ್ತಲ್ವಾ, ದಿನವಿಡೀ ನಿಲ್ಲೋದು ನಮ್ಮಂಥವರಿಗೆ ಎಷ್ಟು ದುಬಾರಿ ಅಂತ ಅವರಿಗೆ ಗೊತ್ತಿರ್ಬೇಕಿತ್ತು. ಮುಂದೆ ಇನ್ನೊಂದು ಕಡೆ ನೋಡಿದ ಡಾಕ್ಟ್ರು ಮಾತ್ರ ತಾಳ್ಮೆಯವರು. ‘ಅಮ್ಮ, ಪಾದ ಜೋಡಿಸಿ ಕಣ್ಣು ಮುಚ್ಚಿ ನಿಂತ್ಕೊಳ್ಳಿ’ ಅಂತ ಹೇಳಿ ಬೀಳದ ಹಾಗೆ ಪಕ್ಕದಲ್ಲೇ ಕೈ ಚಾಚಿ ನಿಂತ್ರು, ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಗೆರೆ ಮೇಲೆ ನಡೆಸಿದ್ರು, ನನ್ನ ಪಾದಕ್ಕೆ ಅಂಗೈ ಕೊಟ್ಟು ‘ತಳ್ಳಿ’ ಅಂದ್ರು.

ತೊಂದರೆ ಎಲ್ಲಿದೆ ಅಂದ್ರೆ ಇದೆಲ್ಲಾ ಆ ಒಂದು ದಿನದ ಲೆಕ್ಕ. ನಮ್ಮ ಕಾಯಿಲೆ ಏರಿಳಿಯತ್ತೆ, ಸುಸ್ತನ್ನ ಅಳೆಯೋ ಪಟ್ಟಿ ಯಾರ ಹತ್ರನೂ ಇಲ್ಲ. ಹಾಗಾಗಿ ಕೆಟ್ಟ ದಿನಗಳನ್ನ ಕಾಗದದಲ್ಲಿ ತಗೊಂಡು ಹೋಗ್ಬೇಕು, ಯಾವಾಗ ಅಡ್ಮಿಟ್ ಆಗಿದ್ದು, ಯಾವಾಗ ಸ್ಟೀರಾಯ್ಡ್ ಹಾಕಿದ್ದು, ಎಷ್ಟು ದೂರ ನಡೆದ್ರೆ ಕಾಲು ಎಳೆಯತ್ತೆ, ಮೂತ್ರದ ತೊಂದರೆ ಇದ್ರೆ ಅದನ್ನೂ ನಾಚ್ಕೊಳ್ಳದೆ ನಿಮ್ಮ ಡಾಕ್ಟ್ರ ಹತ್ರ ಬರೆಸ್ಕೊಳ್ಳಿ. ಯಾಕಂದ್ರೆ ವೈಕಲ್ಯ ಶೇಕಡಾ 40 ಬರ್ಲಿಲ್ಲ ಅಂದ್ರೆ ವೇತನ, ಬಸ್ ಪಾಸ್ ಯಾವುದೂ ಸಿಗಲ್ಲ, ಮತ್ತೆ ಲೆಕ್ಕ ಸುಮ್ನೆ ಕೂಡೋದಲ್ಲ. ಕಾಲಿಗೆ 30, ಕಣ್ಣಿಗೆ 20 ಕೊಟ್ರು ಅಂದ್ಕೊಳ್ಳಿ, ಒಟ್ಟು 50 ಆಗಲ್ಲ. 90ರಲ್ಲಿ 30 ಕಳೆದು ಉಳಿದ 60ನ 20ರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದಿದ್ದನ್ನ 30ಕ್ಕೆ ಸೇರಿಸ್ತಾರೆ, 43 ಚಿಲ್ಲರೆ ಬರತ್ತೆ. ಕಣ್ಣಿನ ರಿಪೋರ್ಟೇ ಇಲ್ದೆ ಹೋದ್ರೆ 30ಕ್ಕೇ ನಿಂತೋಗತ್ತೆ. ವಿಆರ್‌ಡಬ್ಲ್ಯೂ ಆ ಕಣ್ಣಿನ ಚೀಟಿ ಕೇಳಿದ್ದು ಇದಕ್ಕೇ. 40ಕ್ಕಿಂತ ಕಮ್ಮಿ ಆದ್ರೆ ಬಿಳಿ ಕಾರ್ಡ್, 40ರಿಂದ 80ರೊಳಗೆ ಹಳದಿ, 80 ಮತ್ತು ಅದಕ್ಕಿಂತ ಮೇಲೆ ನೀಲಿ. ನನ್ನದು ಹಳದಿ.

ವೇತನಕ್ಕೆ ನಾಡಕಚೇರಿಲಿ ಅರ್ಜಿ. ಗ್ರಾಮ ಆಡಳಿತ ಅಧಿಕಾರಿ ವರದಿ ಆಗ್ಬೇಕು, ಬ್ಯಾಂಕ್ ಅಕೌಂಟಿಗೆ ಆಧಾರ್ ಲಿಂಕ್ ಆಗಿರ್ಬೇಕು. ಕೌಂಟರಲ್ಲಿ ಕೂತ ಹುಡುಗಿ ಚೆನ್ನಾಗೇ ಮಾತಾಡಿಸಿದ್ರು, ಕರೆಂಟ್ ಹೋಗಿ ಸರ್ವರ್ ಬಿದ್ದಾಗಲೂ ಕೂರಿಸಿ ಕೆಲಸ ಮುಗಿಸಿ ಕಳಿಸಿದ್ರು. ಆದ್ರೆ ಯೋಜನೆಗೆ ನಾನು ಎರಡು ಸ್ಟಾರಿಗಿಂತ ಜಾಸ್ತಿ ಕೊಡಲ್ಲ. ಶೇಕಡಾ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, 75ರ ಮೇಲೆ 1400. ಎಂಎಸ್ ಮಾತ್ರೆ, ಮೈಸೂರಿಗೋ ಬೆಂಗಳೂರಿಗೋ ಹೋಗೋ ಖರ್ಚು, ಎಂಆರ್‌ಐ ಬಿಲ್ ಮುಂದೆ ಇದು ಯಾವ ಮೂಲೆಗೆ? ಅದೂ ಕುಟುಂಬದ ವರ್ಷದ ಆದಾಯ 32,000 ದಾಟಿದ್ರೆ ಇಲ್ಲ. ಮನೆಲಿ ಒಬ್ರು ತೋಟದಲ್ಲಿ ವರ್ಷಪೂರ್ತಿ ಕೂಲಿ ಮಾಡಿದ್ರೂ ಆ ಗೆರೆ ದಾಟೋಗತ್ತೆ. ಎಕರೆ ಕಾಫಿ ಇದ್ದು ಮಳೆಗೆ ಕಾಯಿ ಉದುರಿ ಸಾಲ ಮಾಡಿರೋ ಮನೆಲೂ ಕಾಯಿಲೆ ಬರತ್ತೆ. ಕಾಯಿಲೆಗೆ ತಗಲೋ ಖರ್ಚು ಕಳೆದು ಆದಾಯ ನೋಡ್ಬೇಕು, ಇದನ್ನ ನಮ್ಮ ಶಾಸಕರು ವಿಧಾನಸಭೆಲಿ ಎತ್ಲೇಬೇಕು.

ಹಾಗಾದ್ರೆ ಕಾರ್ಡ್ ಯಾಕೆ ಅಂತ ಕೇಳ್ಬಹುದು. ಕೆಎಸ್ಆರ್‌ಟಿಸಿ ಪಾಸ್ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ತನಕ ಓಡಾಡ್ಬಹುದು, ಸೇವಾ ಸಿಂಧುಲಿ ಅರ್ಜಿ. ಹೆಂಗಸರಿಗೆ ಶಕ್ತಿ ಯೋಜನೆ ಇದೆ, ಗಂಡಸರಿಗೆ ಇದು ದೊಡ್ಡ ಅನುಕೂಲ. ಏನಂದ್ರೆ ನಮ್ಮ ಜಿಲ್ಲೆಲಿ ಎಷ್ಟೋ ರೂಟಲ್ಲಿ ಪ್ರೈವೇಟ್ ಬಸ್ಸೇ ಗತಿ, ಅಲ್ಲಿ ಎರಡೂ ನಡೆಯಲ್ಲ. ಪಂಚಾಯ್ತಿ ತನ್ನ ಸ್ವಂತ ವರಮಾನದಲ್ಲಿ ಶೇಕಡಾ 5 ಅಂಗವಿಕಲರಿಗೆ ಇಡ್ಬೇಕು, ಗ್ರಾಮಸಭೆಲಿ ಎದ್ದು ನಿಂತು ಕೇಳಿ, ಬಚ್ಚಲಿಗೆ ಹಿಡಿ ಕಂಬಿ ಹಾಕಿಸ್ಕೊಳ್ಳೋಕಾದ್ರೂ ಕೇಳಿ. ಮತ್ತೆ ನನಗೆ ಆಗಿರೋ ದೊಡ್ಡ ಲಾಭ ಅಂದ್ರೆ ಕ್ಯೂಲಿ ಕಾರ್ಡ್ ತೋರಿಸಿದ್ರೆ ವಾದ ಇಲ್ಲ, ‘ಚೆನ್ನಾಗೇ ಇದೀರಲ್ಲ’ ಅನ್ನೋ ಮಾತಿಗೆ ನಾನು ಉತ್ತರ ಹುಡುಕ್ಬೇಕಾಗಿಲ್ಲ.

ಶೇಕಡಾವಾರು ಕಮ್ಮಿ ಹಾಕಿದಾರೆ ಅನ್ನಿಸಿದ್ರೆ ಸರ್ಟಿಫಿಕೇಟ್ ಬಂದ 90 ದಿನದೊಳಗೆ ಮೇಲ್ಮನವಿ ಹಾಕ್ಬಹುದು, ಆ ತಾರೀಕನ್ನ ಗೋಡೆ ಕ್ಯಾಲೆಂಡರಲ್ಲಿ ಗುರುತು ಹಾಕಿಡಿ. ಕೆಲವರಿಗೆ ತಾತ್ಕಾಲಿಕ ಅಂತ ಕೊಡ್ತಾರೆ, ಅವಧಿ ಮುಗಿಯೋಕ್ಕೆ ಮುಂಚೆನೇ ರಿನ್ಯೂವಲ್ ಶುರು ಮಾಡಿ, ಆದಷ್ಟೂ ಮಳೆಗಾಲ ಬಿಟ್ಟು ಬೇರೆ ತಿಂಗಳು ನೋಡ್ಕೊಳ್ಳಿ. ಜೊತೆಗೆ ಒಬ್ರನ್ನ ಕರ್ಕೊಂಡೇ ಹೋಗಿ, ಫೈಲ್ ಅವರ ಕೈಲಿರ್ಲಿ.