ಮಾಡೆಲಿಂಗೋ, ಡಿಸೈನೋ?

ಮೆಕ್ಯಾನಿಕಲ್ ಓದಿ ಬಯೋಮೆಡಿಕಲ್ ರಿಸರ್ಚ್ ಕಡೆ ಹೊರಟವರಿಗೆ ಬೇಗ ಎದುರಾಗುವ ಪ್ರಶ್ನೆ ಇದು. ಕಂಪ್ಯೂಟರ್ ಮುಂದೆ ಕೂರೋದಾ, ವರ್ಕ್‌ಶಾಪಿಗೆ ಇಳಿಯೋದಾ?

ಸೊಂಟದ ಕೀಲಿನ ಇಂಪ್ಲಾಂಟನ್ನೇ, ಅಂದರೆ ತೊಡೆಮೂಳೆಯೊಳಗೆ ಕೂರಿಸುವ ಲೋಹದ ಕೃತಕ ಕೀಲನ್ನೇ ನೋಡಿ. ತೊಡೆಮೂಳೆಯ ಗಟ್ಟಿ ಹೊರಪದರದ ಬಿಗಿತ ಹೆಚ್ಚುಕಮ್ಮಿ 17–20 ಗಿಗಾಪಾಸ್ಕಲ್ (ಬಿಗಿತ ಅಳೆಯುವ ಮಾನ). ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110. ಹೆಚ್ಚು ಬಿಗಿಯಾದದ್ದೇ ಹೆಚ್ಚು ಭಾರ ಹೊರುತ್ತದೆ; ಹೀಗೆ ಭಾರವನ್ನೆಲ್ಲ ಲೋಹವೇ ಹೊತ್ತರೆ, ಕೆಲಸವಿಲ್ಲದ ಮೂಳೆ ಸೊರಗುತ್ತದೆ. ಎಲ್ಲಿ, ಎಷ್ಟು ಅಂತ ಲೆಕ್ಕ ಹಾಕೋದೇ ಮಾಡೆಲಿಂಗ್. ಸಿಟಿ ಸ್ಕ್ಯಾನಿನಿಂದ ಮೂಳೆಯ ಆಕಾರ ತೆಗೆದು, ಕಂಪ್ಯೂಟರಿನಲ್ಲೇ ಅದನ್ನು ಸಾವಿರಾರು ಚೂರು ಮಾಡಿ, ಒಂದೊಂದರ ಒತ್ತಡ ಕಂಡುಹಿಡಿಯಬೇಕು. ಖರ್ಚು ಕಡಿಮೆ. ಆದರೆ ಕಂಪ್ಯೂಟರ್ ಒತ್ತಡ ತೋರಿಸುವ ಬಣ್ಣದ ಚಿತ್ರ ನೋಡಿ ಮರುಳಾಗಬೇಡಿ. ಚೂರುಗಳನ್ನು ಇನ್ನೂ ಸಣ್ಣ ಮಾಡಿದಾಗ ಉತ್ತರ ಬದಲಾಯಿತೋ, ಹಳೇ ಉತ್ತರ ಸುಮ್ನೆ ಚಿತ್ರ ಅಷ್ಟೇ.

ಡಿಸೈನ್ ಅಂದರೆ ಸಾಧನವನ್ನೇ ಮಾಡಿ ಪರೀಕ್ಷಿಸೋದು; ಅದಕ್ಕೆ ತಾಳ್ಮೆ ಜಾಸ್ತಿ ಬೇಕು. ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯ ಕೃತಕ ಹೃದಯ ಕವಾಟ ಮೊದಲ ಸಲ ರೋಗಿಯ ಎದೆ ಸೇರಿದ್ದು 1990ರಲ್ಲಿ. ಅದಕ್ಕೂ ಮೊದಲಿನ ಮಾದರಿಗಳು ಸೋತು, ನಾಲ್ಕನೆಯದು ಗೆದ್ದಿತು. ನಿಮಿಷಕ್ಕೆ 70 ಬಡಿತ ಅಂದರೂ ಕವಾಟ ವರ್ಷಕ್ಕೆ ಸುಮಾರು 3.7 ಕೋಟಿ ಸಲ ತೆರೆದು ಮುಚ್ಚಬೇಕು, ಅಲ್ವಾ? ಎರಡು ವರ್ಷದ ಎಂ.ಟೆಕ್‌ನಲ್ಲಿ ಇಂಥದ್ದು ಮುಗಿಯುವ ಮಾತಲ್ಲ. ಪಿಎಚ್‌ಡಿಗೂ ಒಂದು ತುಂಡಷ್ಟೇ ಸಿಗುತ್ತದೆ.

ಕೋಡಿಂಗ್, ಗಣಿತ ಇಷ್ಟವಿದ್ದು ಸಮಯ ಕಡಿಮೆ ಇದ್ದರೆ ಮಾಡೆಲಿಂಗ್ ಹಿಡಿಯಿರಿ. ಕೈಗೆ ಗ್ರೀಸ್ ಅಂಟಿದರೆ ಖುಷಿಯಾಗುವವರಿಗೆ ಡಿಸೈನ್. ಯಾವುದೇ ಆಗಲಿ, ಗೈಡನ್ನು ಒಪ್ಪುವ ಮುಂಚೆ ಒಂದು ಮಾತು ಕೇಳಿ: ‘ನಿಮ್ಮ ಜೊತೆ ಕೆಲಸ ಮಾಡುವ ಡಾಕ್ಟರ್ ಯಾರು?’