ಆರ್ಚರ್ ಸಿ6ರ ಗೆಸ್ಟ್ ವೈಫೈ: ಮೇಲ್ಮನೆಯವರಿಗೆ ಧಾರಾಳವಾಗಿ ಕೊಡಿ, ಮೊದಲು ಬಿಳಿ ಡಬ್ಬಿ ಸರಿಮಾಡಿ

ಟಿಪಿ-ಲಿಂಕ್ ಆರ್ಚರ್ ಸಿ6ರ ವೇಗ, ಆಂಟೆನಾ, ಪೋರ್ಟುಗಳ ಲೆಕ್ಕ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬೇಡ. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಇಬ್ಬರಿಗೂ ಒಂದೇ ಫೈಬರ್ ಕನೆಕ್ಷನ್. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳದ್ದು ಇದೇ ಪರಿಸ್ಥಿತಿ. ಅಂಥ ಮನೆಯಲ್ಲಿ ದೀರ್ಘಕಾಲ ಬಳಸಿದ ಮೇಲೆ ಹೇಳುವುದಾದರೆ, ಎರಡೂವರೆ ಸಾವಿರದ ಆಸುಪಾಸಿನ ಈ ರೂಟರ್‌ಗೆ ಕೊಟ್ಟ ದುಡ್ಡು ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆಂದೇ ಬೇರೆಯಾಗಿ ಬಿಡುವ ವೈಫೈ) ಒಂದರಲ್ಲೇ ವಸೂಲಾಗುತ್ತದೆ.

ಸೆಟ್ಟಿಂಗ್ ಸುಲಭ. ಗೆಸ್ಟ್ ನೆಟ್‌ವರ್ಕ್ ಪುಟದಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಗೆಸ್ಟ್‌ಗೆ ಮನೆಯ ವೈಫೈಗಿಂತ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಬಹುದು. ಅತಿಥಿಗಳು ಒಬ್ಬರನ್ನೊಬ್ಬರು ನೋಡಬಹುದೇ, ಮನೆಯ ಲೋಕಲ್ ನೆಟ್‌ವರ್ಕ್ ಮುಟ್ಟಬಹುದೇ ಎಂದು ಎರಡು ಟಿಕ್ ಬಾಕ್ಸ್ ಇವೆ. ಎರಡನ್ನೂ ಖಾಲಿ ಬಿಡಿ. ಮೇಲಿನವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಪ್ರಿಂಟರ್, ಲ್ಯಾಪ್‌ಟಾಪ್‌ನ ಶೇರ್ಡ್ ಫೋಲ್ಡರ್, ಟಿವಿ ಯಾವುದೂ ಕಾಣುವುದಿಲ್ಲ. ಮನೆಗೆ ಬಂದ ನೆಂಟರು ಗೆಸ್ಟ್‌ನಲ್ಲಿದ್ದು ನಿಮ್ಮ ಟಿವಿಗೆ ವಿಡಿಯೋ ಕಳಿಸಲು ಹೋದರೆ ಆಗುವುದಿಲ್ಲ. ಅದು ಕೆಟ್ಟಿದ್ದಲ್ಲ, ಕೆಲಸ ಮಾಡುತ್ತಿರುವ ಲಕ್ಷಣ.

ನಿಜವಾದ ಸುಖ ಪಾಸ್‌ವರ್ಡ್ ಬದಲಿಸುವುದರಲ್ಲಿದೆ. ಆಂಡ್ರಾಯ್ಡ್ 10ರಿಂದ ಈಚೆಗೆ ಯಾರ ಫೋನಿನಲ್ಲಾದರೂ ವೈಫೈ ಶೇರ್ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ, ಬಹಳಷ್ಟು ಫೋನುಗಳಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಅಕ್ಷರಗಳಲ್ಲಿ ಬರೆದಿರುತ್ತದೆ. ಅಂದರೆ ಒಬ್ಬರಿಗೆ ಕೊಟ್ಟಿದ್ದು ಅವರ ಗೆಳೆಯರಿಗೂ ಸೇರಿಯೇ ಸೇರುತ್ತದೆ. ಒಂದೇ ನೆಟ್‌ವರ್ಕ್ ಇದ್ದರೆ ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಟಿವಿ, ಕ್ಯಾಮೆರಾ, ಸ್ಮಾರ್ಟ್ ಬಲ್ಬು ಎಲ್ಲವನ್ನೂ ಮತ್ತೆ ಜೋಡಿಸಬೇಕು. ಆ ತಾಪತ್ರಯಕ್ಕೆ ಹೆದರಿ ಯಾರೂ ಬದಲಿಸುವುದೇ ಇಲ್ಲ. ಇಲ್ಲಿ ಹಾಗಿಲ್ಲ. ತಿಂಗಳ ಒಂದನೇ ತಾರೀಕು ಬಾಡಿಗೆ ರಸೀದಿ ಬರೆಯುವ ಹೊತ್ತಿಗೆ ಟಿಪಿ-ಲಿಂಕ್‌ನ ಟೆದರ್ ಆ್ಯಪ್ ತೆರೆದು ಗೆಸ್ಟ್ ಪಾಸ್‌ವರ್ಡ್ ಮಾತ್ರ ಬದಲಿಸಿ, ಹೊಸ ಕ್ಯೂಆರ್ ಪ್ರಿಂಟ್ ತೆಗೆದು ರಸೀದಿಯ ಜೊತೆ ಕೊಟ್ಟರೆ ಮುಗಿಯಿತು. ಮನೆಯ ಒಂದು ಬಲ್ಬೂ ಅಲುಗುವುದಿಲ್ಲ. ಅದೇ ಆ್ಯಪ್‌ನಲ್ಲಿ ಕನೆಕ್ಟ್ ಆಗಿರುವವರ ಪಟ್ಟಿ ಇದೆ. ಮೊದಲ ದಿನವೇ ಪ್ರತಿ ಸಾಧನಕ್ಕೂ 'ಹಾಲ್ ಟಿವಿ', 'ಗೇಟ್ ಕ್ಯಾಮೆರಾ' ಎಂದು ಹೆಸರಿಟ್ಟುಬಿಡಿ; ಆಮೇಲೆ ಅಪರಿಚಿತ ಹೆಸರು ತಾನಾಗಿ ಕಣ್ಣಿಗೆ ಬೀಳುತ್ತದೆ.

ಸಾಧನದ ಗುರುತಿನ ಸಂಖ್ಯೆ (ಮ್ಯಾಕ್ ವಿಳಾಸ) ನೋಡಿ ಒಳಬಿಡುವ ಮ್ಯಾಕ್ ಫಿಲ್ಟರ್‌ಗೆ ಸಮಯ ಹಾಳುಮಾಡಬೇಡಿ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಫೋನುಗಳು ತಾವೇ ಹುಟ್ಟಿಸಿಕೊಂಡ ಮ್ಯಾಕ್ ವಿಳಾಸ ಬಳಸುತ್ತವೆ. ನೆಟ್‌ವರ್ಕಿನ ಹೆಸರು ಮರೆಮಾಡುವುದೂ ವ್ಯರ್ಥ.

ಇಲ್ಲಿಯವರೆಗೆ ಎಲ್ಲ ಚೆನ್ನ. ಬೇಸರ ತರಿಸುವುದು ಫೈಬರ್ ಕಂಪನಿಯವರು ಗೋಡೆಗೆ ತಗುಲಿಹಾಕಿ ಹೋಗುವ ಬಿಳಿ ಡಬ್ಬಿ, ಅಂದರೆ ಓಎನ್‌ಟಿ. ಅದಕ್ಕೂ ತನ್ನದೇ ವೈಫೈ ಇರುತ್ತದೆ, ಟೆಕ್ನಿಷಿಯನ್ ಎಷ್ಟೋ ಸಲ ಅದಕ್ಕೆ ಗ್ರಾಹಕರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಟ್ಟಿರುತ್ತಾನೆ. ಡಬ್ಲ್ಯುಪಿಎ2 ಎಂಬ ವೈಫೈ ಭದ್ರತೆಯಲ್ಲಿ ಫೋನ್ ಕನೆಕ್ಟ್ ಆಗುವ ಕ್ಷಣದ ಮಾತುಕತೆಯನ್ನು ಕಳ್ಳನೊಬ್ಬ ಹಿಡಿದಿಟ್ಟುಕೊಂಡರೆ, ಆಮೇಲೆ ತನ್ನ ಮನೆಯಲ್ಲಿ ಕೂತು ಹತ್ತಂಕಿಯ ಎಲ್ಲ ಸಂಖ್ಯೆಗಳನ್ನೂ ಪರೀಕ್ಷಿಸಬಹುದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಅದು ಕೆಲವೇ ಗಂಟೆಗಳ ಕೆಲಸ. ಅಷ್ಟೂ ಬೇಡ, ನಿಮ್ಮ ನಂಬರ್ ಪಕ್ಕದ ಮನೆಯವರಿಗೆ ಗೊತ್ತಿರುತ್ತದಲ್ಲ! ಆರ್ಚರ್‌ನಲ್ಲಿ ಎಷ್ಟೇ ಎಚ್ಚರ ವಹಿಸಿದರೂ ಈ ಬಾಗಿಲು ತೆರೆದೇ ಇರುತ್ತದೆ.

ಇನ್ನೊಂದು ತೂತು ಸುಲಭಕ್ಕೆ ಕಾಣುವುದಿಲ್ಲ. ಗೆಸ್ಟ್ ನೆಟ್‌ವರ್ಕ್ ತಡೆಯುವುದು ಆ ರೂಟರ್‌ನ ಲ್ಯಾನ್ ಕಡೆಯನ್ನು, ಅಂದರೆ ಅದಕ್ಕೆ ಜೋಡಿಸಿದ ಮನೆಯ ಸಾಧನಗಳ ಕಡೆಯನ್ನು ಮಾತ್ರ. ವ್ಯಾನ್ ಕಡೆ, ಅಂದರೆ ಹೊರಗಿನ ಕನೆಕ್ಷನ್ ಬರುವ ಕಡೆ ಇರುವುದೆಲ್ಲ ಅದರ ಲೆಕ್ಕಕ್ಕೆ ಇಂಟರ್ನೆಟ್ಟೇ. ಓಎನ್‌ಟಿ ಕೂಡ ರೂಟರ್ ಆಗಿ ಕೆಲಸ ಮಾಡುತ್ತಿದ್ದರೆ, ಗೆಸ್ಟ್‌ನಲ್ಲಿರುವ ಫೋನಿನಿಂದ 192.168.1.1 ಒತ್ತಿ ನೋಡಿ, ಅದರ ಲಾಗಿನ್ ಪುಟ ಬಂದು ನಿಲ್ಲಬಹುದು. ಸಿಸಿಟಿವಿ ಹಾಕಿದವರು ಡಿವಿಆರ್ (ಕ್ಯಾಮೆರಾದ ರೆಕಾರ್ಡರ್) ಕೇಬಲನ್ನು ಓಎನ್‌ಟಿಗೇ ಸಿಕ್ಕಿಸಿದ್ದರೆ ಕ್ಯಾಮೆರಾದ ಲಾಗಿನ್ ಕೂಡ ಮೇಲ್ಮನೆಗೆ ಸಿಗುತ್ತದೆ.

ಆದ್ದರಿಂದ ಆರ್ಚರ್ ತಂದ ದಿನವೇ ಇಷ್ಟು ಮಾಡಿ. ಕಂಪನಿಯವರಿಗೆ ಹೇಳಿ ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಕನೆಕ್ಷನ್ ದಾಟಿಸುವುದಷ್ಟೇ) ಹಾಕಿಸಿ, ಕನೆಕ್ಷನ್‌ನ ಲಾಗಿನ್, ಅಂದರೆ ಪಿಪಿಪಿಒಇ ಯೂಸರ್ ನೇಮ್, ಪಾಸ್‌ವರ್ಡ್ ಕೇಳಿ ಪಡೆದು ಆರ್ಚರ್‌ಗೆ ತುಂಬಿ. ಅದೇ ಡಬ್ಬಿಯಿಂದ ಲ್ಯಾಂಡ್‌ಲೈನ್ ಫೋನ್ ನಡೆಯುತ್ತಿದ್ದರೆ ಬ್ರಿಡ್ಜ್ ಆದ ಮೇಲೂ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬ್ರಿಡ್ಜ್ ಕೊಡುವುದಿಲ್ಲ ಎಂದರೆ ಓಎನ್‌ಟಿಯ ವೈಫೈ ಆಫ್ ಮಾಡಿ, ಅದರ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಿವಿಆರ್ ಕೇಬಲನ್ನು ಆರ್ಚರ್‌ನ ಲ್ಯಾನ್ ಪೋರ್ಟಿಗೆ ತನ್ನಿ. ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ಜೋಡಿಸುವ ಡಬ್ಲ್ಯುಪಿಎಸ್ ಅನ್ನು ಆರ್ಚರ್, ಓಎನ್‌ಟಿ ಎರಡರಲ್ಲೂ ಆಫ್ ಮಾಡಿ. ಅದರ ಎಂಟಂಕಿಯ ಪಿನ್ ಎರಡು ತುಂಡಾಗಿ ಪರೀಕ್ಷೆಯಾಗುತ್ತದೆ, ಕೊನೆಯ ಅಂಕಿ ಬರೀ ತಾಳೆ ನೋಡಲಿಕ್ಕೆ. ಹಾಗಾಗಿ ಹೆಚ್ಚೆಂದರೆ 11,000 ಪ್ರಯತ್ನ ಸಾಕು ಎಂಬುದು 2011ರಲ್ಲೇ ಬಯಲಾಗಿದೆ. ಮನೆಯ ಪಾಸ್‌ವರ್ಡಿಗೆ 'ಹುಣಸೆ ಮೊಸಳೆ ಚಪ್ಪರ ಗಡಿಯಾರ' ಥರ ಸಂಬಂಧವಿಲ್ಲದ ನಾಲ್ಕು ಪದ ನೀವೇ ಆರಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ, ಇಪ್ಪತ್ತು ಅಕ್ಷರ ದಾಟಲಿ. ಡಬ್ಲ್ಯುಪಿಎ2ರ ನಂತರ ಬಂದ ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟರೆ ಅಗ್ಗದ ಬಲ್ಬು, ಕ್ಯಾಮೆರಾಗಳು ಕನೆಕ್ಟ್ ಆಗುವುದಿಲ್ಲ. ಎರಡೂ ಇರುವ ಮಿಶ್ರ ಮೋಡ್ ಸಾಕು.

ಆರ್ಚರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಡಬೇಡಿ. ವಿಳಾಸ ಹಂಚುವ ಕೆಲಸ ಓಎನ್‌ಟಿಗೆ ಹೋಗುತ್ತದೆ, ಗೆಸ್ಟ್ ಪ್ರತ್ಯೇಕತೆಯನ್ನು ನಂಬುವ ಹಾಗಿರುವುದಿಲ್ಲ.

ಪಾಸ್‌ವರ್ಡೇ ಇಲ್ಲದೆ ಬೀದಿಗೆಲ್ಲ ಬಿಡುವ ಉದಾರಿಗಳಿಗೊಂದು ಮಾತು. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಬಂದ ಬೆದರಿಕೆ ಇಮೇಲ್ ನವಿ ಮುಂಬಯಿಯ ಒಂದು ಫ್ಲ್ಯಾಟಿನ ತೆರೆದ ವೈಫೈಯಿಂದ ಹೋಗಿತ್ತು. ಪೊಲೀಸರು ಮೊದಲು ತಟ್ಟಿದ್ದು ಆ ಫ್ಲ್ಯಾಟಿನಲ್ಲಿದ್ದ ಅಮೆರಿಕನ್ ಪ್ರಜೆಯ ಬಾಗಿಲು. ಗೆಸ್ಟ್ ನೆಟ್‌ವರ್ಕ್ ನಿಮ್ಮ ಸಾಧನಗಳನ್ನು ಕಾಯುತ್ತದೆ, ನಿಮ್ಮ ಹೆಸರನ್ನಲ್ಲ. ಹೊರಗಿನ ಲೋಕಕ್ಕೆ ಮೇಲಿನವರೂ ಕೆಳಗಿನವರೂ ಒಂದೇ ಕನೆಕ್ಷನ್. ಹಾಗಾಗಿ ಗುರುತಿನ ಚೀಟಿ ಕೊಟ್ಟು ಬಾಡಿಗೆ ಕರಾರು ಮಾಡಿಕೊಂಡವರಿಗೆ ಮಾತ್ರ ಕೊಡಿ, ಕರಾರಿನಲ್ಲೂ ಒಂದು ಸಾಲು ಸೇರಿಸಿ. ಅಂಗಡಿ ಮುಂದೆ ದುಡ್ಡಿಗೆ ವೈಫೈ ಮಾರುವ ಯೋಚನೆ ಇದ್ದರೆ ಈ ರೂಟರ್ ಅದಕ್ಕಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆಯಲ್ಲಿ ಲೈಸೆನ್ಸ್ ಇಲ್ಲದೆ ಅದನ್ನು ಮಾಡಬಹುದು.