ಚಿಕ್ಕ ತಂಡಕ್ಕೆ ಗಿಟೀ: ವರ್ಷಗಟ್ಟಲೆ ಬಳಸಿದ ಮೇಲೆ

ಐದಾರು ಜನರ ತಂಡ ತನ್ನ ಕೋಡನ್ನು ತನ್ನದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬೇಕೆಂದರೆ ಹೆಚ್ಚಿನವರು ಮೊದಲು ಹೇಳುವ ಹೆಸರು ಗಿಟ್‌ಲ್ಯಾಬ್. ಅದರಲ್ಲಿ ಇಲ್ಲದ್ದೇ ಇಲ್ಲ. ಆದರೆ ಅದರ ಜೊತೆ ಓಡುವ ಪೋಸ್ಟ್‌ಗ್ರೆಸ್, ರೆಡಿಸ್, ಸೈಡ್‌ಕಿಕ್ ಎಲ್ಲ ಸೇರಿ ಗಿಗಾಬೈಟ್‌ಗಟ್ಟಲೆ ಮೆಮೊರಿ ನುಂಗುತ್ತವೆ. ನಾವು ಅದೇ ಕೆಲಸಕ್ಕಿರುವ ಹಗುರ ತಂತ್ರಾಂಶ ಗಿಟೀ ಹಾಕಿಕೊಂಡೆವು. ಗೋ ಭಾಷೆಯಲ್ಲಿ ಬರೆದ ಒಂದೇ ಬೈನರಿ, ಒಂದೇ ಸೆಟ್ಟಿಂಗ್ಸ್ ಫೈಲು. ಚಿಕ್ಕ ತಂಡಕ್ಕೆ 2 ಕೋರ್, 1 ಜಿಬಿ ಮೆಮೊರಿ ಸಾಕು ಅಂತ ಗಿಟೀಯವರು ಹೇಳುವುದು ಬಳಕೆಯಲ್ಲೂ ನಿಜ. ಎಸ್‌ಕ್ಯೂಲೈಟ್ ಇಟ್ಟುಕೊಂಡರೆ ಡೇಟಾಬೇಸ್‌ಗೆ ಬೇರೆ ಸರ್ವರ್ ಕೂಡ ಬೇಡ.

ಇಶ್ಯೂ, ಪುಲ್ ರಿಕ್ವೆಸ್ಟ್, ವಿಕಿ, ಬ್ರಾಂಚ್ ರಕ್ಷಣೆ ಎಲ್ಲ ಇವೆ, ಪುಟಗಳು ತಟ್ಟನೆ ತೆರೆಯುತ್ತವೆ. ಗಿಟ್‌ಹಬ್‌ನಿಂದ ರೆಪೊ (ಕೋಡಿನ ಸಂಗ್ರಹ) ತರುವಾಗ ಇಶ್ಯೂ, ಲೇಬಲ್‌ಗಳೂ ಜೊತೆಗೆ ಬರುತ್ತವೆ. 2023ರ 1.19 ಆವೃತ್ತಿಯಿಂದ, ಬಿಲ್ಡ್, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಆ್ಯಕ್ಷನ್ಸ್ ಕೂಡ ಇದೆ. ಗಿಟ್‌ಹಬ್‌ನ ವರ್ಕ್‌ಫ್ಲೋ ಫೈಲುಗಳು ಬಹುಪಾಲು ಹಾಗೇ ಓಡುತ್ತವೆ. ಕೆಲವಕ್ಕೆ ಅಲ್ಲಲ್ಲಿ ಕೈಹಾಕಬೇಕು. ಆ ಕೆಲಸಗಳನ್ನು ನಡೆಸುವ ರನ್ನರ್ ಅನ್ನು ಮಾತ್ರ ಬೇರೆ ಯಂತ್ರದಲ್ಲಿಡಿ. ಒಂದು ದೊಡ್ಡ ಬಿಲ್ಡ್ ಶುರುವಾದರೆ ಇಡೀ ಸರ್ವರ್ ಏದುಸಿರು ಬಿಡುತ್ತದೆ.

ಬ್ಯಾಕಪ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. 'ಗಿಟೀ ಡಂಪ್' ಆಜ್ಞೆ ರೆಪೊಗಳು, ಡೇಟಾಬೇಸ್, ಸೆಟ್ಟಿಂಗ್ಸ್ ಎಲ್ಲವನ್ನೂ ಒಂದು ಜಿಪ್ ಮಾಡಿ ಕೊಡುತ್ತದೆ. ಆದರೆ ಆ ಜಿಪ್ಪನ್ನು ಮರಳಿ ತುಂಬಲು ಅಂಥದೇ ಆಜ್ಞೆ ಇಲ್ಲ. ಬಿಚ್ಚಿ, ಒಂದೊಂದನ್ನೂ ಅದರ ಜಾಗಕ್ಕೆ ಕೈಯಾರೆ ಸೇರಿಸಬೇಕು. ಹೊಸ ಸರ್ವರ್‌ನಲ್ಲಿ ಫೋಲ್ಡರ್ ಬದಲಾಗಿದ್ದರೆ ಗಿಟ್ ಹುಕ್‌ಗಳು (ಪುಶ್ ಆದಾಗ ತಾವಾಗಿ ಓಡುವ ಚಿಕ್ಕ ಸ್ಕ್ರಿಪ್ಟ್‌ಗಳು) ಹಳೆಯ ಜಾಗವನ್ನೇ ಹುಡುಕುತ್ತವೆ, ಅವನ್ನು ಮತ್ತೆ ಸೃಷ್ಟಿಸಲು ಬೇರೆ ಆಜ್ಞೆ ಕೊಡಬೇಕು. ಸೆಟ್ಟಿಂಗ್ಸ್ ಫೈಲಿನಲ್ಲಿರುವ ಸೀಕ್ರೆಟ್ ಕೀ ಕಳೆದುಹೋದರಂತೂ ಎಲ್ಲರ ಎರಡು ಹಂತದ ಲಾಗಿನ್ ಕೆಟ್ಟು ಕೂರುತ್ತದೆ, ಆ ಲಾಗಿನ್‌ನ ಗುಟ್ಟುಗಳು ಗೂಢಲಿಪಿಯಾಗಿರುವುದು ಅದೇ ಕೀಯಿಂದ. ನಮ್ಮಲ್ಲಿ ಆ ಫೈಲಿನ ಪ್ರತಿ ಸರ್ವರ್‌ನ ಹೊರಗೆ, ಬೇರೆ ಕಡೆ ಇದೆ. ಆಗಾಗ ಖಾಲಿ ಯಂತ್ರವೊಂದರಲ್ಲಿ ಬ್ಯಾಕಪ್ ಬಿಚ್ಚಿ, ಒಂದು ರೆಪೊ ಕ್ಲೋನ್ ಮಾಡಿ, ಒಂದು ಕಮಿಟ್ ಪುಶ್ ಮಾಡಿ ನೋಡುತ್ತೇವೆ. ಇಷ್ಟು ಮಾಡಲು ಯಾರಿಗೂ ಪುರುಸೊತ್ತಿಲ್ಲದ ತಂಡ ಸ್ವಂತ ಸರ್ವರ್ ಇಟ್ಟುಕೊಳ್ಳದಿರುವುದೇ ಒಳ್ಳೆಯದು.

ಇನ್ನು ಗಿಟೀಯೋ ಫೋರ್ಜೇಯೋವೋ ಅನ್ನುವ ಪ್ರಶ್ನೆ. 2016ರಲ್ಲಿ ಗೋಗ್ಸ್ ಎಂಬ ಇಂಥದೇ ತಂತ್ರಾಂಶದಿಂದ ಕವಲೊಡೆದದ್ದು ಗಿಟೀ. ಅದರ ಹೆಸರು, ಡೊಮೇನ್ ಕಂಪನಿಯೊಂದರ ಕೈಗೆ ಹೋದಾಗ, 2022ರ ಕೊನೆಯಲ್ಲಿ, ಫೋರ್ಜೇಯೋ ಬೇರೆಯಾಯಿತು. ಅದರ ಬೆನ್ನಿಗಿರುವುದು ಕೋಡ್‌ಬರ್ಗ್ ಎಂಬ ಲಾಭರಹಿತ ಸಂಸ್ಥೆ. ಕೆಲಸದಲ್ಲಿ ಎರಡೂ ಅಣ್ಣತಮ್ಮಂದಿರೇ. ಯೋಜನೆ ಸಮುದಾಯದ ಕೈಯಲ್ಲೇ ಇರಬೇಕು ಎನ್ನುವವರು ಶುರುವಿನಲ್ಲೇ ಫೋರ್ಜೇಯೋ ಹಾಕಿಕೊಳ್ಳಲಿ, ನಾನೂ ಹೊಸದಾಗಿ ಶುರುಮಾಡುವವರಿಗೆ ಅದನ್ನೇ ಹೇಳುತ್ತೇನೆ. ಆಮೇಲೆ ಬದಲಾಯಿಸೋಣ ಎಂದು ಕೂತರೆ ದಾರಿ ಕಿರಿದು: ಗಿಟೀ 1.22ರವರೆಗಿನವರು ಫೋರ್ಜೇಯೋ 10ಕ್ಕೆ ನೇರವಾಗಿ ಹೋಗಬಹುದಿತ್ತು, 1.23ರಿಂದ ಆ ಬಾಗಿಲು ಮುಚ್ಚಿದೆ.